ಬುಡದ ಸುತ್ತ ಒಂದು ಸುತ್ತು

ಅಪ್ಪಯ್ಯ ಶಿರಸಿ ಕಡೆಯ ಅಡಿಕೆ ತೋಟ ಬಿಟ್ಟು ಮೊದಲ ಸಲ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿರುವ ನಮ್ಮ ಮನೆಗೆ ಬಂದದ್ದು 2019ರ ಮೇ ತಿಂಗಳಲ್ಲಿ. ಬಂದು ಮೂರು ದಿನ ಆಗಿತ್ತು. ಹಗಲು ರಾತ್ರಿಯ ಲೆಕ್ಕ ಇನ್ನೂ ಮೈಗೆ ಹೊಂದಿರಲಿಲ್ಲ. ನಸುಕಿನ ನಾಲ್ಕಕ್ಕೇ ಎದ್ದು, ನಾನು ಚಾ ಮಾಡಿಕೊಡುವ ತನಕ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದರು. ಅಂದು ಲೋಟ ಕೈಗೆ ತೆಗೆದುಕೊಳ್ಳುತ್ತ ಕೇಳಿದರು: “ನಿಮ್ಮೂರಿನ ಹೆಸರಿಗೆ ಅರ್ಥ ಎಂತ, ತಂಗಿ?”

“ರೆಡ್‌ವುಡ್ ಅಂದರೆ ಒಂದು ಜಾತಿಯ ಮರ, ಅಪ್ಪಯ್ಯ. ಕೆಂಪು ಮರದ ಊರು.”

ಅವರು ಕಿಟಕಿಯಾಚೆ ನೋಡಿದರು. ಸಾಲಾಗಿ ನಿಂತ ಕಾರುಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು, ಬೀದಿಯಂಚಿಗೆ ನಗರಸಭೆಯವರು ನೆಟ್ಟ ಮರಗಳು. “ಮರ ಎಲ್ಲಿ ಹಾಗಾದರೆ?”

ಹುಣಸೂರಿನ ಹೆಸರಲ್ಲಿ ಹುಣಸೆ ಇದೆ, ಹಲಸೂರಿನ ಹೆಸರಲ್ಲಿ ಹಲಸು ಇದೆ. ಹೆಸರು ಇಟ್ಟವರ ಕಣ್ಣ ಮುಂದೆ ಆ ಮರ ಇದ್ದೇ ಇರುತ್ತದೆ. ಆಮೇಲೆ ಹೆಸರಿನ ಆಯುಷ್ಯವೇ ಬೇರೆ, ಮರದ ಆಯುಷ್ಯವೇ ಬೇರೆ. ನಾನು ಆಗಲೇ ಹನ್ನೊಂದು ವರ್ಷ ಈ ಊರಿನಲ್ಲಿದ್ದೆ. ಬ್ರಾಡ್‌ವೇ ರಸ್ತೆಗೆ ಅಡ್ಡಲಾಗಿ ಹಾಕಿರುವ, ಸರ್ಕಾರವೇ ಪರೀಕ್ಷಿಸಿ ಒಪ್ಪಿದ ಹವೆ ನಮ್ಮದು ಎಂದು ಸಾರುವ ಕಮಾನಿನ ಕೆಳಗೆ ದಿನಕ್ಕೆರಡು ಸಲ ಹಾದುಹೋಗುತ್ತಿದ್ದೆ. ವಿಳಾಸ ಬರೆಯುವಾಗಲೆಲ್ಲ ಆ ಮರದ ಹೆಸರು ಬರೆಯುತ್ತಿದ್ದೆ. ಅಲ್ಲಲ್ಲಿ ಮನೆಯಂಗಳಗಳಲ್ಲಿ ನೆಟ್ಟು ಬೆಳೆಸಿದ ಒಂದೊಂದು ರೆಡ್‌ವುಡ್ ಕಂಡದ್ದೂ ಉಂಟು. ಆದರೆ ಊರಿಗೆ ಹೆಸರು ಕೊಟ್ಟ ಕಾಡು ಎಲ್ಲಿ ಹೋಯಿತು ಎಂದು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಕಾಡಿನ ನಡುವೆ ಹುಟ್ಟಿ ಬೆಳೆದ ಮುದುಕರೊಬ್ಬರು ಮೂರನೇ ದಿನಕ್ಕೆ ಕೇಳಿದರು.

ಆ ಶನಿವಾರ ಅವರನ್ನು ಹಡಾರ್ಟ್ ಪಾರ್ಕಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿಂದ ವುಡ್‌ಸೈಡ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಇಪ್ಪತ್ತು ನಿಮಿಷದ ದಾರಿ. ಸ್ಯಾನ್ ಮಟೇಯೊ ಕೌಂಟಿಯವರು ನೋಡಿಕೊಳ್ಳುವ, ಒಂಬೈನೂರು ಎಕರೆ ದಾಟುವ ಕಾಡು. ಸಾಂತಾ ಕ್ರೂಜ್ ಬೆಟ್ಟಸಾಲಿನ ಪೂರ್ವದ ಇಳಿಜಾರಿನಲ್ಲಿ, ನೆತ್ತಿಯ ಸ್ಕೈಲೈನ್ ರಸ್ತೆಯ ತನಕ ಹಬ್ಬಿದೆ. ಕ್ರಿಸ್ಟಲ್ ಸ್ಪ್ರಿಂಗ್ಸ್, ಡೀನ್, ಚಿಂಕಾಪಿನ್ ಎಂದೆಲ್ಲ ಹೆಸರಿರುವ ಕಾಲುದಾರಿಗಳಿವೆ. ಅವನ್ನು ಒಂದಕ್ಕೊಂದು ಜೋಡಿಸಿಕೊಂಡು, ಕಾಲಿನ ಶಕ್ತಿ ನೋಡಿ ಎರಡು ಮೈಲಿಯ ಸುತ್ತನ್ನೂ ಮಾಡಬಹುದು, ಎಂಟು ಮೈಲಿಯ ಸುತ್ತನ್ನೂ ಮಾಡಬಹುದು. ಹೊರಟ ಜಾಗಕ್ಕೇ ಬಂದು ಮುಟ್ಟುವ ಇಂಥ ದಾರಿಗೆ ಇಲ್ಲಿಯವರು ಲೂಪ್ ಎನ್ನುತ್ತಾರೆ.

ಬೆನ್ನಚೀಲಕ್ಕೆ ಎರಡು ಬಾಟಲಿ ನೀರು, ಒಗ್ಗರಣೆ ಅವಲಕ್ಕಿ, ನಾಲ್ಕು ಬಾಳೆಹಣ್ಣು, ಅಪ್ಪಯ್ಯನ ಎಲೆಯಡಿಕೆಯ ಸಣ್ಣ ಸಂಚಿ ಹಾಕಿಕೊಂಡೆ. ಕಾಡಿಗೆ ಹೋಗುವಾಗ ಬುತ್ತಿ ಕಟ್ಟುವುದನ್ನು ಅಮ್ಮನಿಂದ ಕಲಿತವಳು ನಾನು. ಅಪ್ಪಯ್ಯ ಪ್ಯಾಂಟು ಹಾಕಿಕೊಂಡು, ಮೊಮ್ಮಗಳು ಆರಿಸಿಕೊಟ್ಟ ಬೂಟು ಕಟ್ಟಿಕೊಂಡು ಹೊರಟರು. ದಾರಿಯ ಬಾಯಲ್ಲಿ ನಿಂತಾಗ ಅವರ ಬಲಗೈ ತಾನಾಗಿ ಸೊಂಟಕ್ಕೆ ಹೋದದ್ದನ್ನು ನೋಡಿದೆ. ಬೆಟ್ಟಕ್ಕೆ ಹೋಗುವಾಗ ಐವತ್ತು ಅರವತ್ತು ವರ್ಷ ಅಲ್ಲಿ ಕೊಕ್ಕೆ ಇತ್ತು, ಕೊಕ್ಕೆಯಲ್ಲಿ ಕತ್ತಿ ಇತ್ತು. ಕೈ ಬರಿದೆ ಕೆಳಗಿಳಿಯಿತು. ಅವರು ನಡೆಯತೊಡಗಿದರು.

ನಮ್ಮಲ್ಲಿ ಚಾರಣ ಎಂದ ಕೂಡಲೇ ಕಣ್ಣಿಗೆ ಬರುವುದು ಒಂದು ತುದಿ. ಕೊಡಚಾದ್ರಿಗೆ ಹೋದವರು ಸರ್ವಜ್ಞಪೀಠ ಮುಟ್ಟಬೇಕು. ಕುಮಾರಪರ್ವತಕ್ಕೆ ಹೊರಟವರು ನೆತ್ತಿ ಹತ್ತಬೇಕು. ಯಾಣಕ್ಕೆ ನಡೆದವರು ಆ ಕಪ್ಪು ಬಂಡೆಯೆದುರು ನಿಲ್ಲಬೇಕು. ಸುತ್ತುದಾರಿಗೆ ಅಂಥ ತುದಿ ಇಲ್ಲ. ಅದು ಎಲ್ಲಿಗೂ ಮುಟ್ಟಿಸುವುದಿಲ್ಲ. “ಎಲ್ಲಿಗೆ ಹೋಗುವುದು ಈಗ?” ಎಂದು ಅಪ್ಪಯ್ಯ ಕೇಳಿದಾಗ, “ಎಲ್ಲಿಗೂ ಇಲ್ಲ, ಸುತ್ತಿ ಬಂದು ಕಾರು ಹತ್ತುವುದು” ಎಂದೆ. ಅವರು ತಲೆಯಾಡಿಸಿದರು. ದೇವಸ್ಥಾನದ ಹೊರಾಂಗಣದಲ್ಲಿ ದಿನಾ ಮೂರು ಪ್ರದಕ್ಷಿಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ದಾರಿ ಮೊದಲು ಕಣಿವೆಗೆ ಇಳಿಯುತ್ತದೆ. ನೂರು ಹೆಜ್ಜೆಗೆಲ್ಲ ಬಿಸಿಲು ಹಿಂದುಳಿಯಿತು. ಕಾಲಡಿ ಮೆತ್ತಗಾಯಿತು. ಹೆಜ್ಜೆಯ ಸಪ್ಪಳವನ್ನೂ ನುಂಗುವಷ್ಟು ದಪ್ಪ ತರಗಿನ ಹಾಸು. ಅಪ್ಪಯ್ಯ ಬಗ್ಗಿ ಬೊಗಸೆ ತುಂಬ ಎತ್ತಿಕೊಂಡರು. ಮೇಲೆ ಕೆಂಪಗೆ ಒಣಗಿದ ಸಣ್ಣ ಎಲೆಗಳ ಕಡ್ಡಿ, ಅದರಡಿ ಕಂದು ಪುಡಿ, ಇನ್ನೂ ಕೆಳಗೆ ತಣ್ಣಗಿನ ಕಪ್ಪು ಮಣ್ಣು. ಬೆರಳ ನಡುವೆ ಹೊಸೆದು ಮೂಸಿದರು. “ಇಷ್ಟು ದರಕು ಬಿದ್ದಿದ್ದರೂ ಯಾರೂ ಒಟ್ಟಿಕೊಂಡು ಹೋಗುವುದಿಲ್ಲವಾ?” ಎಂದು ಕೇಳಿದರು. ನಮ್ಮ ಕಡೆ ಎಕರೆ ತೋಟಕ್ಕೆ ಹಲವು ಎಕರೆ ಸೊಪ್ಪಿನ ಬೆಟ್ಟ ಬೇಕು. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರಬೇಕು. ಕಾಡಿಲ್ಲದೆ ತೋಟ ಇಲ್ಲ ಎನ್ನುವುದು ಅಪ್ಪಯ್ಯನಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ, ತಲೆಯ ಮೇಲೆ ಹೊತ್ತ ಹೊರೆಯಿಂದ ಬಂದದ್ದು. ಇಲ್ಲಿ ಬಿದ್ದದ್ದು ಇಲ್ಲೇ ಕರಗಬೇಕೆಂಬುದು ಪಾರ್ಕಿನ ನಿಯಮ ಎಂದಾಗ, ಎತ್ತಿಕೊಂಡಿದ್ದನ್ನು ಅದೇ ಜಾಗದಲ್ಲಿ ಸುರಿದು ಅಂಗೈಯಿಂದ ಸಮ ಮಾಡಿದರು.

ಆಮೇಲಿನ ಒಂದು ಗಂಟೆ ಅವರು ನೆಂಟರನ್ನು ಹುಡುಕುತ್ತಾ ನಡೆದರು ಎನ್ನಬೇಕು. ತೊರೆಯ ಪಕ್ಕದ ಮರವೊಂದರ ಕೆಳಗೆ ಬಿದ್ದಿದ್ದ ಉದ್ದನೆಯ ಎಲೆ ಹಿಚುಕಿ ಮೂಗಿಗೆ ಹಿಡಿದು, “ದಾಲ್ಚಿನ್ನಿಯ ಪೈಕಿ ಇದು” ಎಂದರು. ಇಲ್ಲಿಯವರು ಬೇ ಲಾರೆಲ್ ಎನ್ನುವ ಆ ಮರ ದಾಲ್ಚಿನ್ನಿಯ ಕುಟುಂಬದ್ದೇ. ದಾರಿಯಂಚಿಗೆ ಮೂರು ಮೂರು ಎಲೆ ಬಿಟ್ಟುಕೊಂಡು ಹೊಳೆಯುವ ಪೊದೆಯನ್ನು ಮಾತ್ರ ಮುಟ್ಟಬೇಡಿ ಎಂದು ನಾನೇ ಎಚ್ಚರಿಸಿದೆ. ಅದು ಪಾಯ್ಸನ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ನಮ್ಮ ಮಾವು, ಗೇರಿನ ವಂಶದ್ದು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯೆಣ್ಣೆಗೆ ಕೈ ಬೊಬ್ಬೆ ಬಂದವರಿಗೆ ಇದರ ಗುಣ ಹೇಳಿಕೊಡಬೇಕಿಲ್ಲ. ಇನ್ನೊಂದು ವಾರ ಬೆಟ್ಟದ ಆಚೆ ಮಗ್ಗುಲಿಗೆ, ಕಡಲಿನ ಕಡೆಗಿರುವ ಪುರಿಸಿಮಾ ತೊರೆಯ ಕಾಡಿಗೆ ಹೋದಾಗ ನೆಲದ ತುಂಬ ಅಂಗೈಯಗಲದ ಪುಳ್ಳಂಪುರಚಿ. ನಮ್ಮ ಅಂಗಳದ್ದರ ದೊಡ್ಡಕ್ಕ ಅದು. ನೇರ ಬಿಸಿಲು ಬಿದ್ದರೆ ಕೆಲವೇ ನಿಮಿಷಗಳಲ್ಲಿ ಎಲೆಯನ್ನು ಕೊಡೆಯ ಹಾಗೆ ಕೆಳಕ್ಕೆ ಮಡಚಿಕೊಳ್ಳುತ್ತದೆ. “ತಂಬುಳಿಗೆ ಎಷ್ಟು ಚೆನ್ನಾಗಿತ್ತು” ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

ಉಂಬಳ ಇಲ್ಲದ ಕಾಡು ಎಂಬುದು ಅವರಿಗೆ ದೊಡ್ಡ ಅಚ್ಚರಿಯಾಗಿತ್ತು. ಅದಕ್ಕಿಂತ ದೊಡ್ಡ ಅಚ್ಚರಿ ಮಳೆಯದ್ದು. ಇಲ್ಲಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ನಮ್ಮೂರಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ತಿರುಗುವ ತಿಂಗಳುಗಳೇ ಇಲ್ಲಿ ಒಣ ತಿಂಗಳುಗಳು. ಮತ್ತೆ ಇಷ್ಟು ಎತ್ತರದ ಮರ ನೀರು ಕುಡಿಯುವುದು ಎಲ್ಲಿಂದ? ಉತ್ತರ ಬೆಟ್ಟದ ನೆತ್ತಿಯ ಮೇಲಿತ್ತು. ಬೇಸಗೆಯಲ್ಲಿ ಕಡಲ ಮೇಲಿನಿಂದ ಮಂಜು ಎದ್ದು ಬಂದು ಈ ಸಾಲನ್ನು ಮುಚ್ಚುತ್ತದೆ. ಮರದ ತುದಿಯ ಎಲೆಗಳು ಆ ಮಂಜನ್ನು ಬಾಚಿಕೊಂಡು ಹನಿ ಮಾಡಿ ಕೆಳಗೆ ಉದುರಿಸುತ್ತವೆ. ಎಲೆಯೂ ಕುಡಿಯುತ್ತದೆ, ಬೇರೂ ಕುಡಿಯುತ್ತದೆ. ಕೆಲವು ಕಡೆ ವರ್ಷದ ನೀರಿನ ಸುಮಾರು ಮೂರನೇ ಒಂದು ಭಾಗ ಹೀಗೆ ಮಂಜಿನಿಂದಲೇ ಬರುತ್ತದೆ ಎಂದು ಅಳೆದವರು ಹೇಳಿದ್ದಾರೆ. ಅದಕ್ಕೇ ಈ ಜಾತಿಯ ಮರ ದಕ್ಷಿಣ ಆರೆಗಾನ್‌ನಿಂದ ಕ್ಯಾಲಿಫೋರ್ನಿಯಾದ ಬಿಗ್ ಸರ್ ಪ್ರದೇಶದ ತನಕ, ಕಡಲ ಮಂಜು ಮುಟ್ಟುವ ಒಂದು ಕಿರುಪಟ್ಟಿಯಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ತಾನಾಗಿ ಬೆಳೆದಿಲ್ಲ. ಇವುಗಳಲ್ಲಿ ಅತಿ ಎತ್ತರದ್ದು ಉತ್ತರದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನದಲ್ಲಿದೆ, 115 ಮೀಟರಿಗೂ ಮೇಲೆ. ಬೆಳಗೊಳದ ಗೊಮ್ಮಟನಂಥ ಆರು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿ ಸಿಗುವುದಿಲ್ಲ.

ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಸುತ್ತಲೂ ಕಂಬ ನೆಟ್ಟ ಹಾಗೆ ನೆಟ್ಟಗೆ ಏರಿದ ಮರಗಳು. ತಲೆಯೆತ್ತಿದರೆ ಕತ್ತು ನೋಯಬೇಕು. ಅಪ್ಪಯ್ಯ ಮಾತ್ರ ಮೇಲೆ ನೋಡುವುದನ್ನು ಬಿಟ್ಟು ಕೆಳಗೆ ನೋಡತೊಡಗಿದ್ದರು. ಒಂದು ತಿರುವಿನಲ್ಲಿ ನಿಂತರು.

“ಇದು ಕಡಿದ ಕಾಡು, ತಂಗಿ.”

ನನಗೆ ಅರ್ಥವಾಗಲಿಲ್ಲ. ಅವರು ಕೈ ಚಾಚಿ ತೋರಿಸಿದರು. ಮರಗಳೆಲ್ಲ ಹೆಚ್ಚು ಕಡಿಮೆ ಒಂದೇ ದಪ್ಪ, ಒಂದೇ ವಯಸ್ಸು. ನಿಜವಾದ ಹಳೆಗಾಡಿನಲ್ಲಿ ಅಜ್ಜನೂ ಇರಬೇಕು, ಮಗುವೂ ಇರಬೇಕು, ಬಿದ್ದು ಕೊಳೆಯುವ ಹೆಣವೂ ಇರಬೇಕು. ಇಲ್ಲಿ ಎಲ್ಲರೂ ಒಂದೇ ಓರಗೆಯವರು. ಆಮೇಲೆ ಜರಿಗಿಡದ ಮರೆಯಲ್ಲಿದ್ದ ಒಂದು ಬುಡದ ಕಡೆ ನಡೆದರು. ನಾನು ಎಷ್ಟೋ ಸಲ ಬಂಡೆ ಎಂದುಕೊಂಡು ದಾಟಿ ಹೋಗಿದ್ದ ಬುಡ ಅದು. ನಾಲ್ಕು ಜನ ಕೈ ಕೈ ಹಿಡಿದರೂ ಸುತ್ತುವರಿಯಲಾಗದಷ್ಟು ಅಗಲ. ಪಾಚಿ ಕಟ್ಟಿ, ಒಳಗೆ ಟೊಳ್ಳಾಗಿ, ಒಂದು ಕಡೆ ಸುಟ್ಟು ಕರಿಯಾಗಿತ್ತು. ಆಳೆತ್ತರದಲ್ಲಿ ಅದರ ಮೈಗೆ ಎರಡು ಕಚ್ಚುಗಳಿದ್ದವು, ಗೋಡೆಯಲ್ಲಿ ದೀಪದ ಗೂಡು ಕೊರೆದ ಹಾಗೆ. ಅಪ್ಪಯ್ಯ ಒಂದರೊಳಗೆ ಮೊಣಕೈ ತನಕ ಕೈ ಹಾಕಿದರು. ನೂರೈವತ್ತು ವರ್ಷದ ಮಳೆ ಬಿಸಿಲು ಕಂಡರೂ ಕೊಡಲಿಯ ಏಟಿನ ಅಂಚು ಬೆರಳಿಗೆ ತಾಗುತ್ತಿತ್ತು. “ಹಲಗೆ ಸಿಕ್ಕಿಸಲಿಕ್ಕೆ ಮಾಡಿದ ಕಚ್ಚು ಇದು. ಬುಡ ತೀರ ಅಗಲ, ನೆಲದಲ್ಲಿ ನಿಂತು ಕಡಿಯುವುದಕ್ಕೆ ಆಗುವುದಿಲ್ಲ. ಹಲಗೆಯ ಮೇಲೆ ನಿಂತು ಕಡಿದಿದ್ದಾರೆ” ಎಂದರು. ಮನೆಗೆ ಬಂದು ಓದಿ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಊರಿನ ಹೆಸರಿನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. 1849ರ ಚಿನ್ನದ ಹುಚ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ರಾತ್ರೋರಾತ್ರಿ ಊದಿಕೊಂಡಿತು. ಮರದ ಮನೆ, ಮರದ ಅಂಗಡಿ, ಮರದ ಹಾಸಿನ ಬೀದಿ. 1849ರ ಕೊನೆಯಿಂದ 1851ರ ನಡುವೆ ಆರು ಸಲ ದೊಡ್ಡ ಬೆಂಕಿ ಬಿದ್ದು ಆ ನಗರ ಸುಟ್ಟಿತು. ಸುಟ್ಟಷ್ಟು ಸಲವೂ ಮತ್ತೆ ಕಟ್ಟಲು ಮರ ಬೇಕಾಯಿತು. ಹತ್ತಿರದ ಮರ ಎಂದರೆ ಈ ಬೆಟ್ಟದ್ದು. ತೊರೆಗಳ ಪಕ್ಕದಲ್ಲೆಲ್ಲ ಗರಗಸದ ಗಿರಣಿಗಳು ಎದ್ದವು. ಎತ್ತುಗಳು ದಿಮ್ಮಿ ಎಳೆದವು, ಗಾಡಿಗಳು ಹಲಗೆ ಹೊತ್ತು ಇಳಿದವು. ಕೊಲ್ಲಿಯಿಂದ ಒಳಕ್ಕೆ ಚಾಚಿದ ಒಂದು ತೊರೆಯ ದಡದಲ್ಲಿ ಮರ ಹಡಗು ಹತ್ತುತ್ತಿತ್ತು. ಆ ಕಟ್ಟೆಯ ಸುತ್ತ ಬೆಳೆದ ಊರೇ ನಮ್ಮದು. 1867ರಲ್ಲಿ ಪಟ್ಟಣವೆಂದು ದಾಖಲಾದಾಗ, ಮರ ಬೆಳೆದದ್ದಕ್ಕಲ್ಲ, ಮರ ತನ್ನ ಬಾಗಿಲಿನಿಂದ ಹೊರಟು ಹೋದದ್ದಕ್ಕೆ ಅದಕ್ಕೆ ಮರದ ಹೆಸರು ನಿಂತಿತು. 1854ರಲ್ಲಿ ಟ್ರಿಪ್ ಎಂಬ ಹಲ್ಲಿನ ವೈದ್ಯರು ಪಾರ್ಕ್‌ಹರ್ಸ್ಟ್ ಎಂಬ ಜೊತೆಗಾರರೊಂದಿಗೆ ಮರ ಕಡಿಯುವವರಿಗಾಗಿ ಕಟ್ಟಿದ ಅಂಗಡಿ ವುಡ್‌ಸೈಡ್‌ನಲ್ಲಿ ಇಂದಿಗೂ ಇದೆ, ಈಗ ಅದು ವಸ್ತುಸಂಗ್ರಹಾಲಯ. ಬೆಟ್ಟದ ಮೇಲೆ ಹಡಾರ್ಟಿನಾಚೆಗೆ ಎಲ್ ಕೋರ್ಟೆ ದೆ ಮದೇರಾ ಎಂಬ ಕಾಡಿದೆ. ಆ ಸ್ಪ್ಯಾನಿಷ್ ಹೆಸರಿನಲ್ಲೇ ಮರ ಕಡಿಯುವ ಮಾತಿದೆ. ಆ ಕಡೆ ಸ್ಕೈಲೈನ್ ರಸ್ತೆಯ ಪಕ್ಕ ಒಂದು ಮುದಿಮರ ಉಳಿದಿದೆ. ಹದಿನಾಲ್ಕು ಅಡಿ ಅಡ್ಡಳತೆ, ಸಾವಿರದ ಎಂಟುನೂರು ವರ್ಷ ಎಂಬ ಅಂದಾಜು. ಮೆಥೂಸೆಲಾ ಎನ್ನುತ್ತಾರೆ. ಅದನ್ನು ನೋಡಿದ ಮೇಲೆ ಹಡಾರ್ಟಿನ ಮರಗಳೆಲ್ಲ ಹುಡುಗರು ಎಂದು ತಿಳಿಯುತ್ತದೆ.

ಆದರೆ ಅಂದು ಕಾಡಿನಲ್ಲಿ ಅಪ್ಪಯ್ಯನನ್ನು ಹಿಡಿದು ನಿಲ್ಲಿಸಿದ್ದು ಆ ಬುಡ ಮಾತ್ರ ಅಲ್ಲ, ಬುಡದ ಸುತ್ತ ನಿಂತವರು. ಕಡಿದ ಬುಡವನ್ನು ನಡುವೆ ಇಟ್ಟುಕೊಂಡು ಒಂಬತ್ತು ಮರಗಳು ಉಂಗುರದ ಹಾಗೆ ನಿಂತಿದ್ದವು. ಅಪ್ಪಯ್ಯ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಅವರ ಮುಖ ಅರಳಿತು. “ಬಾಳೆಯ ಕಂದಿನ ಹಾಗೆ ಬಂದಿದ್ದಾವಲ್ಲೇ! ತಾಯಿಯನ್ನು ಕಡಿದರೂ ಮಕ್ಕಳು ಎದ್ದಿದ್ದಾವೆ.”

ರೆಡ್‌ವುಡ್ ಕಾಡು ಗೊತ್ತಿರುವವರು ಇದನ್ನು ಯಕ್ಷಿಯರ ಉಂಗುರ ಎನ್ನುತ್ತಾರೆ. ಬಾಳೆಯ ಕಂದು ಎನ್ನುವುದೇ ನನಗೆ ಹೆಚ್ಚು ಸತ್ಯವೆನಿಸುತ್ತದೆ. ಪೈನ್ ಜಾತಿಯ ಬಹುಪಾಲು ಮರಗಳನ್ನು ಕಡಿದರೆ ಅಲ್ಲಿಗೆ ಮುಗಿಯಿತು. ರೆಡ್‌ವುಡ್ ಹಾಗಲ್ಲ. ಅದರ ಬುಡದ ಗಂಟಿನಲ್ಲಿ ಮೊಗ್ಗುಗಳು ಮಲಗಿರುತ್ತವೆ. ಮೇಲಿನ ಮರ ಇರುವ ತನಕ ಅವು ಏಳುವುದಿಲ್ಲ. ಕೊಡಲಿಯೋ ಬೆಂಕಿಯೋ ಗಾಳಿಯೋ ತಾಯಿಯನ್ನು ಬೀಳಿಸಿದ ದಿನ ಎಚ್ಚರಾಗುತ್ತವೆ. ತಾಯಿ ನೂರಾರು ವರ್ಷ ಹರಡಿಟ್ಟ ಬೇರು ಆಗಲೇ ನೆಲದಡಿ ಸಿದ್ಧವಾಗಿರುತ್ತದೆ. ಆ ಬೇರು ಆಳಕ್ಕೆ ಹೋಗುವಂಥದ್ದಲ್ಲ, ಹತ್ತು ಹನ್ನೆರಡು ಅಡಿ ಇಳಿದರೆ ಹೆಚ್ಚು. ಅಗಲಕ್ಕೆ ಮಾತ್ರ ನೂರು ಅಡಿಯವರೆಗೂ ಹಬ್ಬಿ, ಪಕ್ಕದ ಮರಗಳ ಬೇರಿನೊಂದಿಗೆ ಹೆಣೆದುಕೊಂಡಿರುತ್ತದೆ. ಒಬ್ಬೊಬ್ಬರೇ ನಿಂತರೆ ಬೀಳುವ ಎತ್ತರವನ್ನು ಅವು ಒಟ್ಟಿಗೆ ಹಿಡಿದು ನಿಲ್ಲಿಸಿವೆ.

ಅಪ್ಪಯ್ಯ ಉಂಗುರದೊಳಗೆ ಹೋದರು. ಟೊಳ್ಳು ಬುಡದ ಪಕ್ಕ, ಒಂಬತ್ತು ಮರಗಳ ನಡುವೆ ನಿಂತು ಮೇಲೆ ನೋಡಿದರು. ನಾನು ಹೊರಗೆ ನಿಂತಿದ್ದೆ. ನಮ್ಮ ದೇವಸ್ಥಾನಗಳಲ್ಲಿ ಸುತ್ತು ಬರುವುದು ನಡುವೆ ಇರುವುದಕ್ಕೆ. ಇಲ್ಲಿ ಒಂಬತ್ತು ಮರಗಳು ನೂರೈವತ್ತು ವರ್ಷದಿಂದ ಸುತ್ತು ನಿಂತಿರುವುದು ನಡುವೆ ಇಲ್ಲದೆ ಹೋದದ್ದಕ್ಕೆ. ಮೂರ್ತಿ ಹೋದ ಮೇಲೂ ಗರ್ಭಗುಡಿಯ ಗೋಡೆ ಬಿಡದೆ ನಿಂತ ಹಾಗೆ ಕಂಡಿತು ನನಗೆ. ಆ ಗಳಿಗೆಯಲ್ಲಿ ಈ ಸುತ್ತುದಾರಿಯ ಅರ್ಥವೂ ಬೇರೆಯಾಯಿತು. ಐದು ಮೈಲಿ ನಡೆದು ಹೊರಟಲ್ಲಿಗೇ ಬರುವುದು ವ್ಯಾಯಾಮ ಎಂದುಕೊಂಡಿದ್ದೆ. ನಾವು ಬಳಸಿ ಬರುತ್ತಿದ್ದದ್ದು ಒಂದು ಋಣವನ್ನು.

ಬುಡದ ಪಕ್ಕವೇ ಕುಳಿತು ಅವಲಕ್ಕಿ ತಿಂದೆವು. ಅಪ್ಪಯ್ಯ 1983ರ ಮಾತು ತೆಗೆದರು. ಆಗ ಅವರಿಗೆ ಮೂವತ್ತಾರು ವರ್ಷ. ದಿನಾ ದಿಮ್ಮಿ ತುಂಬಿದ ಲಾರಿಗಳು ಘಟ್ಟ ಇಳಿಯುತ್ತಿದ್ದ ಕಾಲ. ಕಡಿದ ನೈಸರ್ಗಿಕ ಕಾಡಿನ ಜಾಗದಲ್ಲಿ ಸಾಗುವಾನಿಯ ಸಾಲು ನೆಡುತ್ತಿದ್ದರು. ಸಾಗುವಾನಿಯ ಕೆಳಗೆ ಸೊಪ್ಪಿಲ್ಲ, ಝರಿಯಲ್ಲಿ ಬೇಸಗೆಗೆ ನೀರಿಲ್ಲ. ಆ ವರ್ಷದ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಿನ ಹಳ್ಳಿಯವರು ಕಾಡಿಗೆ ನಡೆದು ಹೋಗಿ, ಕಡಿಯುವವರ ಮುಂದೆ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ನಮ್ಮ ಭಾಷೆಯಲ್ಲಿ ಅಪ್ಪಿಕೋ ಆದದ್ದು ಹೀಗೆ. ಪಾಂಡುರಂಗ ಹೆಗಡೆಯವರ ಹೆಸರು ಆಮೇಲೆ ದೇಶಕ್ಕೆಲ್ಲ ಗೊತ್ತಾಯಿತು. “ಆ ಸುದ್ದಿ ತೋಟದಿಂದ ತೋಟಕ್ಕೆ ಬಂತು. ನಿನ್ನ ಅಜ್ಜಿ ಕೇಳಿದಳು, ಮರ ಅಪ್ಪಿಕೊಂಡರೆ ಕೊಡಲಿ ನಿಲ್ಲುತ್ತದಾ ಅಂತ. ನಿಂತಿತು ನೋಡು” ಎಂದರು ಅಪ್ಪಯ್ಯ. ಸ್ವಲ್ಪ ಹೊತ್ತು ಬಿಟ್ಟು, ಎದುರಿನ ಬುಡವನ್ನು ನೋಡುತ್ತ ಹೇಳಿದರು: “ಇದನ್ನು ಅಪ್ಪಿಕೊಳ್ಳಲು ಯಾರೂ ಬರಲಿಲ್ಲ.”

ಬಂದವರು ತಡವಾಗಿ ಬಂದರು, ಬೇರೆ ಕಾಡಿಗೆ ಬಂದರು. 1900ರಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಇದೇ ಬೆಟ್ಟಸಾಲಿನ ಬಿಗ್ ಬೇಸಿನ್‌ನಲ್ಲಿ, ಆಂಡ್ರ್ಯೂ ಹಿಲ್ ಎಂಬ ಛಾಯಾಗ್ರಾಹಕರೂ ಅವರ ಸಂಗಡಿಗರೂ ಹಳೆಗಾಡಿನ ನಡುವೆ ಕುಳಿತು ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿದರು. 1902ರಲ್ಲಿ ಆ ಕಾಡು ಸರ್ಕಾರದ ರಕ್ಷಣೆಗೆ ಬಂತು, ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ರಾಜ್ಯ ಉದ್ಯಾನ ಅದು. ಇಂದು ನಾವು ಮುಟ್ಟಿ ನೋಡಬಹುದಾದ ಸಾವಿರ ವರ್ಷದ ಮರಗಳು ಉಳಿದದ್ದು ಅಂಥವರ ಹಟದಿಂದ. ಇಡೀ ಕರಾವಳಿಯಲ್ಲಿ ಮೊದಲಿದ್ದ ಹಳೆಗಾಡಿನಲ್ಲಿ ಉಳಿದಿರುವುದು ನೂರಕ್ಕೆ ಐದರಷ್ಟು ಮಾತ್ರ.

ಅಪ್ಪಯ್ಯ ಇದ್ದ ಐದು ತಿಂಗಳಲ್ಲಿ ಹಡಾರ್ಟಿನ ಸುತ್ತನ್ನು ಹತ್ತಕ್ಕಿಂತ ಹೆಚ್ಚು ಸಲ ಮಾಡಿದೆವು. ಪ್ರತಿ ಸಲವೂ ಆ ಬುಡದ ಬಳಿ ನಿಲ್ಲುವುದು, ಒಂಬತ್ತನ್ನು ಎಣಿಸುವುದು. ಹೊರಡುವ ಮುಂಚಿನ ವಾರ ಅವರು ನೆಲದಲ್ಲಿ ಬಿದ್ದಿದ್ದ ಒಂದು ಕಾಯಿ ಹೆಕ್ಕಿದರು. ಅಷ್ಟೆತ್ತರದ ಮರದ ಕಾಯಿ ಒಂದು ಸಣ್ಣ ಚಾಲಿ ಅಡಿಕೆಯಷ್ಟಿತ್ತು. ಅಂಗೈಯಲ್ಲಿ ಇಟ್ಟುಕೊಂಡು ಉಗುರಿನಿಂದ ಬಿಡಿಸಿದರು. ಟೊಮೆಟೊ ಬೀಜದಷ್ಟು ಬೀಜ ನಾಲ್ಕಾರು ಉದುರಿದವು. ಊರಿಗೆ ಒಯ್ಯುವ ಆಸೆ ಅವರ ಕಣ್ಣಲ್ಲಿತ್ತು. ಏನೂ ಹೇಳಲಿಲ್ಲ. ಬೂಟಿನ ತುದಿಯಿಂದ ದರಕು ಸರಿಸಿ, ಬೀಜ ಹಾಕಿ, ಮತ್ತೆ ಮುಚ್ಚಿದರು.

ಮರುವರ್ಷ ಜಗತ್ತೇ ಮನೆಯೊಳಗೆ ಕುಳಿತಿತು. 2020ರ ಆಗಸ್ಟ್ 16ರ ನಸುಕಿನಲ್ಲಿ ನಮ್ಮ ಮನೆಯ ಮೇಲೆ ಮಳೆಯಿಲ್ಲದ ಸಿಡಿಲು. ಬೆಟ್ಟಸಾಲಿನಲ್ಲಿ ಅಲ್ಲಲ್ಲಿ ಹೊತ್ತಿದ ಬೆಂಕಿ ಒಂದಾಗಿ 86,000 ಎಕರೆಗೂ ಹೆಚ್ಚು ಜಾಗವನ್ನು ಸುಟ್ಟಿತು. ಬಿಗ್ ಬೇಸಿನ್ ಉದ್ಯಾನದ ನೂರಕ್ಕೆ 97ರಷ್ಟು ಭಾಗಕ್ಕೆ ಬೆಂಕಿ ಮುಟ್ಟಿತು. 1936ರಲ್ಲಿ ಮರದಿಂದ ಕಟ್ಟಿದ್ದ ಅದರ ಕಚೇರಿ ಬೂದಿಯಾಯಿತು. ಸೆಪ್ಟೆಂಬರ್ 9ರಂದು ದೂರದೂರದ ಕಾಡ್ಗಿಚ್ಚುಗಳ ಹೊಗೆ ಕವಿದು, ಹಗಲಿನ ಹತ್ತು ಗಂಟೆಗೂ ಆಕಾಶ ಕಿತ್ತಳೆ ಬಣ್ಣದ ಕತ್ತಲೆಯಾಗಿತ್ತು. ಅಂದು ಅಪ್ಪಯ್ಯ ಫೋನು ಮಾಡಿ ಮೊದಲು ನಮ್ಮ ಕ್ಷೇಮ ಕೇಳಿದರು. ಆಮೇಲೆ “ಆ ಒಂಬತ್ತು?” ಎಂದರು. ಬೆಂಕಿ ಹಡಾರ್ಟಿನವರೆಗೆ ಬಂದಿಲ್ಲ ಎಂದಾಗ ಅವರ ಉಸಿರು ಕೇಳಿಸಿತು.

ಆ ಬೇಸಗೆಯ ನಂತರ ನಾನೂ ಮಗಳೂ ಬೆನ್ನ ಮೇಲೆ ಗುಡಾರ ಹೊತ್ತು ರಾತ್ರಿ ಕಾಡಿನಲ್ಲಿ ಉಳಿಯುವುದನ್ನು ಕಲಿತೆವು. ಮೊದಲ ರಾತ್ರಿ ಮಾಂಟೆ ಬೆಲ್ಲೊ ರಕ್ಷಿತ ಪ್ರದೇಶದ ಬ್ಲ್ಯಾಕ್ ಮೌಂಟನ್ ಬಿಡಾರದಲ್ಲಿ. ಸುಮಾರು 2,800 ಅಡಿ ಎತ್ತರ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ, ಏನೊಂದನ್ನೂ ಬಿಟ್ಟು ಬರುವಂತಿಲ್ಲ. ಹೊತ್ತ ಬುತ್ತಿಯ ಭಾರ ಹೆಗಲಿಗೆ ತಿಳಿದಾಗ, ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುತ್ತಿದ್ದ ನಮ್ಮೂರಿನ ಹೆಂಗಸರ ಕತ್ತು ನೆನಪಾಯಿತು. ಕತ್ತಲಾದ ಮೇಲೆ ಒಂದು ಕಡೆ ಕಣಿವೆಯ ತುಂಬ ಕಂಪನಿಗಳ, ಮನೆಗಳ ದೀಪ. ಇನ್ನೊಂದು ಕಡೆ ಕಡಲಿನವರೆಗೆ ದೀಪವೇ ಇಲ್ಲದ ಬೆಟ್ಟದ ಬೆನ್ನು. ಮಗಳು ಕತ್ತಲಿನ ಕಡೆಗೆ ಮುಖ ಮಾಡಿ ಮಲಗಿದಳು.

2022ರ ಜುಲೈನಲ್ಲಿ ಬಿಗ್ ಬೇಸಿನ್ ಮತ್ತೆ ತೆರೆಯಿತು. ಕೆಲವೇ ವಾರಗಳಲ್ಲಿ ನಾವು ಅಲ್ಲಿದ್ದೆವು. ಹಳೆಯ ಕಚೇರಿಯಿದ್ದ ಜಾಗದ ಪಕ್ಕದಿಂದ ಹೊರಟು ಮುದಿಮರಗಳ ನಡುವೆ ಸುತ್ತಿ ಬರುವ ಒಂದು ಚಿಕ್ಕ ದಾರಿಯಿದೆ, ಒಂದು ಮೈಲಿಯೂ ಇಲ್ಲ. ಅದರ ಹೆಸರೇ ರೆಡ್‌ವುಡ್ ಲೂಪ್. ಅಲ್ಲಿನ ಎರಡು ಮಹಾವೃಕ್ಷಗಳಿಗೆ ಕಾಡಿನ ತಾಯಿ, ಕಾಡಿನ ತಂದೆ ಎಂದು ಹೆಸರು. ಏನು ಕಾಣಬೇಕೋ ಎಂಬ ಭಯದಿಂದಲೇ ಹೋದೆ. ಕಾಂಡಗಳೆಲ್ಲ ಬುಡದಿಂದ ತುದಿಯವರೆಗೆ ಇದ್ದಲಿನಂತೆ ಕಪ್ಪು. ಕೊಂಬೆಗಳಿಲ್ಲ. ಆದರೆ ಆ ಕಪ್ಪಿನ ಮೈಯಿಂದಲೇ, ತೊಗಟೆಯ ಬಿರುಕು ಬಿರುಕಿನಿಂದ, ಹಸಿರು ಚಿಗುರು ಒತ್ತೊತ್ತಾಗಿ ಹೊರಬಿದ್ದಿತ್ತು. ಪಾಚಿಯ ಅಂಗಿ ತೊಟ್ಟ ಕಂಬಗಳ ಹಾಗೆ ನಿಂತಿದ್ದವು ಆ ಮರಗಳು.

ಅವುಗಳ ತೊಗಟೆ ಒಂದು ಅಡಿ ದಪ್ಪಕ್ಕೂ ಬೆಳೆಯುತ್ತದೆ. ಬೆಂಕಿ ಅಷ್ಟು ಸುಲಭಕ್ಕೆ ಒಳಗಿನ ಜೀವವನ್ನು ಮುಟ್ಟುವುದಿಲ್ಲ. ಆ ತೊಗಟೆಯಡಿ ಶತಮಾನಗಳಿಂದ ಮಲಗಿದ್ದ ಮೊಗ್ಗುಗಳು ಎದ್ದಿದ್ದವು. ಎಲೆಯೇ ಇಲ್ಲದ ಮರ ಅವಕ್ಕೆ ಉಣ್ಣಲು ಏನು ಕೊಟ್ಟಿತು ಎಂದು ವಿಜ್ಞಾನಿಗಳು ಬಿಗ್ ಬೇಸಿನ್‌ನ ಚಿಗುರುಗಳನ್ನೇ ತೆಗೆದು ಪರೀಕ್ಷಿಸಿದರು. ಹಲವು ದಶಕಗಳ ಹಿಂದಿನ ಬಿಸಿಲಿನಲ್ಲಿ ಮರ ಮಾಡಿಟ್ಟುಕೊಂಡಿದ್ದ ಸಕ್ಕರೆಯಿಂದ ಈ ಹೊಸ ಚಿಗುರು ಬಂದಿದೆ ಎಂದು ಗೊತ್ತಾಯಿತು. ನಮ್ಮ ಮನೆಯ ಕಣಜದಲ್ಲಿ ಬರಗಾಲಕ್ಕೆಂದು ಒಂದು ಪಾಲು ಭತ್ತವನ್ನು ಯಾವಾಗಲೂ ಮುಟ್ಟದೆ ಇಡುತ್ತಿದ್ದ ಅಜ್ಜಿ ನೆನಪಾದಳು. ಎಂದೋ ಬರುವ ಕೆಟ್ಟ ದಿನಕ್ಕೆ ಇಂದಿನ ಬಿಸಿಲನ್ನು ಎತ್ತಿಡುವ ಬುದ್ಧಿ ಆ ಮರಕ್ಕಿದೆ. ಹಾಗೆಂದು ಅದಕ್ಕೆ ಎಷ್ಟು ಕೆಟ್ಟ ದಿನಗಳನ್ನಾದರೂ ಕೊಡಬಹುದು ಎಂದಲ್ಲ. ಕಣಜಕ್ಕೂ ತಳ ಇರುತ್ತದೆ. ಮತ್ತೆ ತುಂಬಿಕೊಳ್ಳಲು ಅದಕ್ಕೆ ವರ್ಷಗಳು ಬೇಕು, ಮಂಜು ಬೇಕು, ನಾವು ಸುಮ್ಮನಿರುವುದು ಬೇಕು.

ನಾನು ಚಿತ್ರ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ನಮ್ಮ ರಾತ್ರಿಯ ಹೊತ್ತಿಗೆ, ಅವರ ಬೆಳಗಿಗೆ, ವಿಡಿಯೊ ಕರೆ ಬಂತು. ಅವರು ಮನೆಯಲ್ಲಿರಲಿಲ್ಲ, ನಮ್ಮ ಸೊಪ್ಪಿನ ಬೆಟ್ಟದಲ್ಲಿದ್ದರು. ಮಳೆ ಹನಿಯುತ್ತಿತ್ತು. ತಲೆಯ ಮೇಲೆ ಕೊಪ್ಪೆ, ಸೊಂಟದಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಫೋನನ್ನು ನೆಲದ ಕಡೆ ತಿರುಗಿಸಿದರು. ಹಳೆಯದೊಂದು ಮತ್ತಿಮರದ ಬುಡ. ನಾನು ಹುಟ್ಟುವ ಮೊದಲೇ ಯಾರೋ ಕಡಿದದ್ದು. ವರ್ಷ ವರ್ಷವೂ ಅದು ಚಿಗುರುತ್ತದೆ, ವರ್ಷ ವರ್ಷವೂ ಆ ಚಿಗುರು ಸೊಪ್ಪಿನ ಹೊರೆ ಸೇರುತ್ತದೆ. ಅದು ನನಗೂ ಗೊತ್ತಿದ್ದ ಬುಡವೇ.

“ಮೂರು ವರ್ಷ ಆಯಿತು, ಇದಕ್ಕೆ ಕತ್ತಿ ತಾಗಿಸಿಲ್ಲ” ಎಂದರು.

ಬುಡದ ಸುತ್ತ ದನ ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಕಟ್ಟಿದ್ದರು. ಒಳಗೆ ಐದು ಚಿಗುರುಗಳು ನನ್ನ ಎತ್ತರಕ್ಕೆ ಬೆಳೆದು ನಿಂತಿದ್ದವು. ನನಗೆ ಎಲ್ಲವೂ ಕಾಣಲಿ ಎಂದು ಅಪ್ಪಯ್ಯ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಮಳೆಯಲ್ಲಿ ಜಾರುವ ನೆಲದ ಮೇಲೆ ಹೆಜ್ಜೆ ಊರುತ್ತ, ಬೇಲಿಯನ್ನು ಬಲಕ್ಕಿಟ್ಟುಕೊಂಡು ನಡೆಯತೊಡಗಿದರು. ಒಂದು, ಎರಡು, ಮೂರು ಎಂದು ಎಣಿಸುವುದು ಕೇಳಿಸುತ್ತಿತ್ತು. ಪರದೆಯಲ್ಲಿ ಎಲೆ, ಮಳೆ, ಮುಳ್ಳು, ಮತ್ತೆ ಎಲೆ. ಹೊರಟ ಜಾಗಕ್ಕೆ ಬಂದು ನಿಂತಾಗ ಅವರಿಗೆ ಏದುಸಿರು ಬಂದಿತ್ತು.

“ಐದು ಇದ್ದಾವೆ” ಎಂದರು.